ವಿಶೇಷಣ ಕೊನೆಗೆ ಬರಲಿ: ಹೈಸ್ಕೂಲು ಮಕ್ಕಳಿಗೆ ಕಾದಂಬರಿಯ ಪಾತ್ರಚಿತ್ರಣ ಕಲಿಸುವ ಬಗೆ

‘ಸ್ವಾಮಿ ಮುಗ್ಧ, ತುಂಟ, ಸ್ನೇಹಜೀವಿ.’ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಹುಡುಗ ಸ್ವಾಮಿಯ ಬಗ್ಗೆ ಒಂಬತ್ತನೆಯ ತರಗತಿಯವರು ಬರೆದ ಇಂಗ್ಲಿಷ್ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಾಗ ಮೊದಲ ಹತ್ತರಲ್ಲಿ ಒಂಬತ್ತು ಹೀಗೆಯೇ ಶುರುವಾಗಿದ್ದವು. ಹತ್ತನೆಯದರಲ್ಲಿ ‘ತುಂಟ’ ಮೊದಲು ಬಂದು ‘ಮುಗ್ಧ’ ಆಮೇಲೆ ಬಂದಿತ್ತು. ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಪುಸ್ತಕವನ್ನು ಮುಟ್ಟದೆಯೂ ಅದನ್ನು ಬರೆಯಬಹುದು. ಊರಿನ ಯಾವ ಹುಡುಗನ ಬಗ್ಗೆಯೂ ಬರೆಯಬಹುದು. ಮರುದಿನ ಒಬ್ಬ ಹುಡುಗನನ್ನು ಎಬ್ಬಿಸಿ, ಸ್ವಾಮಿ ತುಂಟ ಎಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ‘ನೀವೇ ಬೋರ್ಡಿನ ಮೇಲೆ ಬರೆದಿದ್ದಿರಿ, ಸರ್’ ಎಂದ.

ಬರೆದಿದ್ದೆ. ಆರು ವಿಶೇಷಣಗಳನ್ನು ಒಂದರ ಕೆಳಗೊಂದು ಬರೆದು, ಪರೀಕ್ಷೆಗೆ ಇಷ್ಟು ಸಾಕು ಎಂದಿದ್ದೆ. ಗೈಡು ಮಾಡುವ ಕೆಲಸವನ್ನೇ ನಾನೂ ಮಾಡಿದ್ದೆ, ಅದೂ ಸಂಬಳ ತೆಗೆದುಕೊಂಡು. ಆ ವರ್ಷದಿಂದ ಪಾಠದ ಕ್ರಮವನ್ನು ತಲೆಕೆಳಗು ಮಾಡಿಕೊಂಡೆ. ಪಾತ್ರ ಎಂಥದು ಎಂದು ಹೇಳುವ ಪದ ಕೊನೆಯ ದಿನದವರೆಗೆ ಬೋರ್ಡಿನ ಮೇಲೆ ಬರಕೂಡದು. ಅಲ್ಲಿಯವರೆಗೆ ಒಂದೇ ಪ್ರಶ್ನೆ: ಇದು ನಿನಗೆ ಹೇಗೆ ಗೊತ್ತಾಯಿತು? ಸ್ವಾಮಿಯ ಗುಣ ಸ್ವಾಮಿಯದು. ಅದು ನಮ್ಮ ಕಣ್ಣಿಗೆ ಬೀಳುವಂತೆ ಮಾಡಿದ್ದು ಲೇಖಕರ ಕೈಕೆಲಸ. ಪಾತ್ರಚಿತ್ರಣದ ಪಾಠ ಎಂದರೆ ಆ ಕೈಕೆಲಸದ ಪಾಠ.

ನಾನು ಬಳಸುವುದು ಆರ್. ಕೆ. ನಾರಾಯಣರ ಮೊದಲ ಕಾದಂಬರಿ, 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’. ಹತ್ತೊಂಬತ್ತು ಸಣ್ಣ ಅಧ್ಯಾಯಗಳು. ಇಂಗ್ಲಿಷ್ ದ್ವಿತೀಯ ಭಾಷೆಯಾಗಿರುವ ಮಕ್ಕಳಿಗೂ ವಾಕ್ಯಗಳು ತೊಡಕೆನಿಸುವುದಿಲ್ಲ. ಮೈಸೂರಿನಲ್ಲಿ ಬಾಳಿದ ಲೇಖಕರು ಬರೆದ ಶಾಲೆಯಾದ್ದರಿಂದ ಬೆತ್ತ, ಬೆಂಚು, ಸೋಮವಾರದ ಸಂಕಟ ಯಾವುದನ್ನೂ ವಿವರಿಸಬೇಕಾಗಿಲ್ಲ. (ನಾರಾಯಣರು ಚನ್ನಪಟ್ಟಣದಲ್ಲಿ ಕೆಲವೇ ದಿನ ಮೇಷ್ಟ್ರಾಗಿದ್ದು, ಆ ಕೆಲಸ ತಮಗೆ ಒಗ್ಗುವುದಿಲ್ಲವೆಂದು ಬಿಟ್ಟು ಬಂದವರು. ಇದನ್ನು ಹೇಳಿದರೆ ಮಕ್ಕಳಿಗೆ ಅವರ ಮೇಲೆ ತಟ್ಟನೆ ಪ್ರೀತಿ ಹುಟ್ಟುತ್ತದೆ.) ಇಡೀ ಕಾದಂಬರಿ ಪಠ್ಯದಲ್ಲಿ ಇರಬೇಕೆಂದಿಲ್ಲ. ಗ್ರಂಥಾಲಯದಲ್ಲಿ ಒಂದೆರಡು ಪ್ರತಿ ಇದ್ದರೆ ಸಾಕು, ಐದಾರು ಭಾಗಗಳನ್ನು ಗಟ್ಟಿಯಾಗಿ ಓದಿ ಹೇಳಬಹುದು. ನನಗೆ ಎಂಟು ಪೀರಿಯಡ್ ಬೇಕಾಗುತ್ತದೆ. ಹೆಚ್ಚಿನವನ್ನು ಶನಿವಾರದ ಬೆಳಗಿನ ತರಗತಿಗಳಿಂದ ಹೊಂದಿಸಿಕೊಳ್ಳುತ್ತೇನೆ. ಚರ್ಚೆ ಕನ್ನಡದಲ್ಲಿ ನಡೆಯಲಿ, ಬರವಣಿಗೆ ಇಂಗ್ಲಿಷಿನಲ್ಲಿರಲಿ. ಯೋಚನೆಗೂ ಇಂಗ್ಲಿಷಿನ ಸುಂಕ ವಿಧಿಸಿದರೆ ಹಿಂದಿನ ಬೆಂಚು ಮೊದಲ ದಿನವೇ ಬಾಯಿ ಮುಚ್ಚಿಕೊಳ್ಳುತ್ತದೆ.

ಮೊದಲ ಹಂತ: ಪುಸ್ತಕ ತೆರೆಯಬೇಡಿ, ಸಾಮಾನಿನ ಪಟ್ಟಿ ಬರೆಯಿರಿ

ಬೋರ್ಡಿನ ಮೇಲೆ ಇಷ್ಟು ಬರೆಯಿರಿ: ಐದು ಜಮಖಾನೆ, ಮೂರು ಹೊದಿಕೆ, ಐದು ದಿಂಬು, ಸೆಣಬಿನ ನಾರಿನ ಒಂದು ಚೌಕ ಪೆಟ್ಟಿಗೆ, ಒಂದು ಪುಟ್ಟ ಮರದ ಪೆಟ್ಟಿಗೆ. ಮರದ ಪೆಟ್ಟಿಗೆಯಲ್ಲಿ ತಾಮ್ರದ ಕಾಸು, ಏಲಕ್ಕಿ, ಲವಂಗ, ಅಡಿಕೆ. ಕೆಳಗೆ ಒಂದು ಪ್ರಶ್ನೆ: ಇವು ಯಾರವು?

ವಯಸ್ಸಾದವರದು ಎಂದು ಯಾರಾದರೂ ತಕ್ಷಣ ಹೇಳುತ್ತಾರೆ. ಹೇಗೆ ಗೊತ್ತು? ಅಡಿಕೆ. ಗಂಡಸೋ ಹೆಂಗಸೋ? ಇಲ್ಲಿ ಜಗಳ. ಬಡವರೋ? ಐದು ದಿಂಬು ಇರುವವರು ಹೇಗೆ ಬಡವರಾದಾರು? ಆದರೆ ಕಾಸು ತಾಮ್ರದ್ದು. ಐದು ಜಮಖಾನೆ ಏಕೆ? ‘ನೆಲ ಚುಚ್ಚುತ್ತದೆ, ಬೆನ್ನು ನೋವು’ ಎಂದು, ಮನೆಯಲ್ಲಿ ಅಜ್ಜಿ ಇರುವ ಹುಡುಗಿಯೊಬ್ಬಳು ಹೇಳುತ್ತಾಳೆ. ಹತ್ತು ನಿಮಿಷ ಹೀಗೆ ಬಿಡಿ. ಆಮೇಲೆ ಒಂದೇ ಒಂದು ಸಂಗತಿ ಸೇರಿಸಿ: ಇಷ್ಟೂ ಸಾಮಾನು ಇರುವುದು ನಡುಮನೆಗೂ ಊಟದ ಮನೆಗೂ ನಡುವಿನ, ಗಾಳಿಯಾಡದ, ಕತ್ತಲೆಯ ಓಣಿಯಲ್ಲಿ.

ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಒಂದು ವರ್ಷ ಒಬ್ಬಳು ಹೇಳಿದಳು, ‘ಎಲ್ಲರೂ ಅವರನ್ನು ದಾಟಿಕೊಂಡೇ ಹೋಗುತ್ತಾರೆ, ಯಾರೂ ಕೂರುವುದಿಲ್ಲ.’ ಸ್ವಾಮಿಯ ಅಜ್ಜಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ಗೈಡಿನಲ್ಲೂ ಓದಿಲ್ಲ. ಈಗ ಪುಸ್ತಕ ತೆರೆದು ಆ ಭಾಗವನ್ನು ಓದಿ. ಅಜ್ಜಿಗೆ ಬೇಸರ, ಒಂಟಿತನ ಎಂದು ಅಲ್ಲಿ ಬರೆದಿಲ್ಲ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಬರೆದಿರುವುದು ದಿಂಬಿನ ಲೆಕ್ಕ ಮಾತ್ರ.

ಮನೆಗೆಲಸ: ತಮಗೆ ಗೊತ್ತಿರುವ ಯಾರಾದರೊಬ್ಬರ ಐದು ವಸ್ತುಗಳ ಪಟ್ಟಿ, ಹೆಸರಿಲ್ಲದೆ. ಮರುದಿನ ತರಗತಿ ಊಹಿಸಬೇಕು. ‘ನಿಮ್ಮ ಮನೆಯವರ ಬಗ್ಗೆ ಬರೆಯಿರಿ’ ಎಂದು ಮಾತ್ರ ಹೇಳಬೇಡಿ. ಮನೆಯ ಪಟ್ಟಿಯನ್ನು ಎಲ್ಲರೆದುರು ಬಿಚ್ಚಿಡಲು ಇಷ್ಟವಿಲ್ಲದ ಮಕ್ಕಳಿರುತ್ತಾರೆ. ಕಂಡಕ್ಟರ್, ಅಂಗಡಿಯವರು, ಶಾಲೆಯ ಜವಾನ, ಯಾರಾದರೂ ಆಗಬಹುದು. ನನ್ನ ಮೇಜಿನ ಸಾಮಾನೂ ಒಮ್ಮೆ ಪಟ್ಟಿಯಾಗಿ ಬಂದಿತ್ತು: ಮುಚ್ಚಳವಿಲ್ಲದ ಮೂರು ಪೆನ್ನು, ತಲೆನೋವಿನ ಮಾತ್ರೆ. ಎಲ್ಲರೂ ಒಂದೇ ಬಾರಿಗೆ ಗುರುತಿಸಿದರು.

ಎರಡನೆಯ ಹಂತ: ಇದನ್ನು ಹೇಳುತ್ತಿರುವವರು ಯಾರು?

ಯಕ್ಷಗಾನ ನೋಡಿದ ಮಕ್ಕಳಿದ್ದರೆ ಅಲ್ಲಿಂದಲೇ ಶುರುಮಾಡಿ. ಬಣ್ಣದ ವೇಷ ತೆರೆ ಸರಿಸಿದೊಡನೆ ರಾಕ್ಷಸ ಬಂದನೆಂದು ಗೊತ್ತು; ಮುಖವರ್ಣಿಕೆಯೇ ಹೇಳಿಬಿಡುತ್ತದೆ. ಕಾದಂಬರಿಯಲ್ಲೂ ಕೆಲವೊಮ್ಮೆ ಹೀಗೆ ನೇರವಾಗಿ ಹೇಳುವುದುಂಟು. ಮಣಿ ಪರಿಚಯವಾಗುವ ರೀತಿ ನೋಡಿ: ತರಗತಿಗೆಲ್ಲ ಎತ್ತರದ ಹುಡುಗ, ಪುಸ್ತಕ ತರುವುದು ಅಪರೂಪ, ಹೋಂವರ್ಕಿನ ಗೊಡವೆಯಿಲ್ಲ, ಕೊನೆಯ ಬೆಂಚನ್ನು ಆಕ್ರಮಿಸಿ ಧೈರ್ಯವಾಗಿ ನಿದ್ದೆ ಮಾಡುತ್ತಾನೆ. ನಿರೂಪಕರೇ ಮುಂದೆ ನಿಂತು ಮಾಡಿಸುವ ಪರಿಚಯ ಇದು. ಆದರೆ ‘ಧೈರ್ಯವಾಗಿ ನಿದ್ದೆ’ ಎಂಬಲ್ಲಿ ಮಕ್ಕಳನ್ನು ನಿಲ್ಲಿಸಿ. ನಿದ್ದೆಗೆ ಧೈರ್ಯ ಏಕೆ? ಇಂಗ್ಲಿಷಿನಲ್ಲಿ ಓದಿದಾಗ ಜಾರಿಹೋದ ನಗು ಕನ್ನಡದಲ್ಲಿ ಹೇಳಿದೊಡನೆ ಸಿಕ್ಕಿಬೀಳುತ್ತದೆ.

ಮುಂದಿನ ಭಾಗ ಇಡೀ ಪಾಠದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದದ್ದು. ಮೊದಲ ಅಧ್ಯಾಯದಲ್ಲಿ ಬೆಂಕಿಗಣ್ಣಿನ ವೇದನಾಯಗಂ ಮೇಷ್ಟ್ರು ಸ್ವಾಮಿಯ ಲೆಕ್ಕಗಳನ್ನು ಪರಿಶೀಲಿಸುತ್ತಿದ್ದಾರೆ. ಮೇಜಿನ ಪಕ್ಕ ನಿಂತ ಸ್ವಾಮಿ ಅವರ ಮುಖವನ್ನು ಪರಿಶೀಲಿಸುತ್ತಿದ್ದಾನೆ. ಕಣ್ಣುಗಳು ಒಂದಕ್ಕೊಂದು ತೀರ ಹತ್ತಿರ ಇವೆ, ಗಲ್ಲದ ಮೇಲೆ ಬೆಂಚಿನಿಂದ ಕಂಡದ್ದಕ್ಕಿಂತ ಹೆಚ್ಚು ಕೂದಲಿದೆ, ಒಟ್ಟಿನಲ್ಲಿ ಮನುಷ್ಯ ನೋಡಲು ಬಹಳ ಕೆಟ್ಟದಾಗಿದ್ದಾರೆ ಎಂಬುದು ಅವನ ತೀರ್ಮಾನ.

ಪುಟದ ನಡುವೆ ಗೆರೆ ಎಳೆಸಿ. ಎಡಕ್ಕೆ, ಈ ವಾಕ್ಯದಿಂದ ಮೇಷ್ಟ್ರ ಬಗ್ಗೆ ತಿಳಿದದ್ದು. ಬಲಕ್ಕೆ, ನೋಡುತ್ತಿರುವವನ ಬಗ್ಗೆ ತಿಳಿದದ್ದು. ಎಡಭಾಗ ಎರಡು ಸಾಲಿಗೆ ಮುಗಿಯುತ್ತದೆ. ಬಲಭಾಗ ತುಂಬುತ್ತ ಹೋಗುತ್ತದೆ. ಪೆಟ್ಟು ಬೀಳುವ ಹೊತ್ತಿನಲ್ಲೂ ಅವನ ಕಣ್ಣು ಗಲ್ಲದ ಕೂದಲಿನ ಮೇಲಿದೆ. ಬೆಂಚಿನಿಂದ ದಿನವೂ ನೋಡುತ್ತಿದ್ದವನಾದ್ದರಿಂದಲೇ ಹೋಲಿಸಬಲ್ಲ. ದೂರದ ಭಯ ಹತ್ತಿರದಲ್ಲಿ ಕರಗುತ್ತದೆ. ಅವನೂ ಒಂದು ಮೌಲ್ಯಮಾಪನ ನಡೆಸುತ್ತಿದ್ದಾನೆ, ಅಂಕ ಕೊಡುವ ಅಧಿಕಾರವಿಲ್ಲ ಅಷ್ಟೇ. ಒಬ್ಬರ ವರ್ಣನೆಯಲ್ಲಿ ಇಬ್ಬರು ಕಾಣುತ್ತಾರೆ ಎಂಬುದು ಒಮ್ಮೆ ಹೊಳೆದರೆ ಮಗು ಮುಂದೆ ಯಾವ ಕಾದಂಬರಿಯ ವರ್ಣನೆಯನ್ನೂ ಹಾರಿಸಿ ಓದುವುದಿಲ್ಲ. ಕನಿಷ್ಠ ಕೆಲವರು ಹಾರಿಸುವುದಿಲ್ಲ.

ಐದು ಅಕ್ಷರದ ಸೂತ್ರ

ಇಂಗ್ಲಿಷ್ ಶಿಕ್ಷಕರ ನಡುವೆ ‘ಸ್ಟೀಲ್’ (STEAL) ಎಂಬ ನೆನಪಿನ ಸೂತ್ರವೊಂದು ಚಾಲ್ತಿಯಲ್ಲಿದೆ: ಪಾತ್ರದ ಮಾತು, ಯೋಚನೆ, ಇತರರ ಮೇಲೆ ಅದರ ಪರಿಣಾಮ, ಕೆಲಸ, ನೋಟ, ಈ ಐದರ ಇಂಗ್ಲಿಷ್ ಮೊದಲಕ್ಷರಗಳು ಸೇರಿ ಆದದ್ದು. ಹೇಳಿಕೊಡಿ, ಬೋರ್ಡಿನ ಮೂಲೆಯಲ್ಲಿ ಇರಲಿ. ಐದು ಖಾನೆಯ ನಮೂನೆ ಮಾಡಿ ತುಂಬಿಸಲು ಮಾತ್ರ ಕೊಡಬೇಡಿ. ಮಕ್ಕಳು ಅದನ್ನು ಜಾತಿ ಪ್ರಮಾಣಪತ್ರದ ಅರ್ಜಿಯಂತೆ ತುಂಬುತ್ತಾರೆ.

ಮೂರನೆಯ ಹಂತ: ಹತ್ತು ಮಾವಿನಹಣ್ಣು

ಇದಕ್ಕೆ ಎರಡು ಪೀರಿಯಡ್ ಮೀಸಲಿಡಿ. ರಜೆಯಲ್ಲಿ ಅಪ್ಪ ಸ್ವಾಮಿಯನ್ನು ಕೂರಿಸಿಕೊಂಡು ಒಂದು ಲೆಕ್ಕ ಕೊಡುತ್ತಾರೆ. ರಾಮನ ಬಳಿ ಹತ್ತು ಮಾವಿನಹಣ್ಣುಗಳಿವೆ, ಅವುಗಳಿಂದ ಹದಿನೈದು ಆಣೆ ಸಂಪಾದಿಸಬೇಕೆಂದಿದ್ದಾನೆ. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು. ಅವನು ಎಷ್ಟು ಕೊಡಬೇಕು? (ರೂಪಾಯಿಗೆ ಹದಿನಾರಾಣೆ ಎಂದು ಮೊದಲೇ ಹೇಳಿಬಿಡಿ.)

ಮಕ್ಕಳಿಗೇ ಲೆಕ್ಕ ಮಾಡಲು ಬಿಡಿ. ಅರ್ಧ ನಿಮಿಷದಲ್ಲಿ ಆರಾಣೆ ಎನ್ನುತ್ತಾರೆ. ಆಮೇಲೆ ಸ್ವಾಮಿಯ ತಲೆಯೊಳಗೆ ನಡೆದದ್ದನ್ನು ಓದಿ. ಮಾವಿನಹಣ್ಣು ಎಂದೊಡನೆ ಅವನ ಬಾಯಲ್ಲಿ ನೀರೂರುತ್ತದೆ. ಈ ರಾಮ ಎಂಥವನಿರಬಹುದು? ಹತ್ತು ಹಣ್ಣಿಟ್ಟುಕೊಂಡು ಹದಿನೈದಾಣೆಯೇ ಬೇಕೆಂದು ಪಟ್ಟು ಹಿಡಿದವನು ತರಗತಿಯ ಜಾಣ ಶಂಕರನಂಥವನೇ ಇರಬೇಕು. ಹಾಗಾದರೆ ಕೃಷ್ಣ ‘ಬಟಾಣಿ’ ಎಂದು ಅಡ್ಡಹೆಸರಿನ ಸ್ಯಾಮುಯೆಲ್‌ನಂಥವನು. ಸ್ವಾಮಿಗೆ ಕೃಷ್ಣನ ಮೇಲೆ ಕಾರಣವಿಲ್ಲದ ಕನಿಕರ ಹುಟ್ಟುತ್ತದೆ. ಹಣ್ಣು ಮಾಗಿದ್ದವೇ ಎಂದು ಅಪ್ಪನನ್ನು ಕೇಳುತ್ತಾನೆ. ಅಪ್ಪ ನಗುವನ್ನು ಅದುಮಿಕೊಂಡು, ಮೊದಲು ಲೆಕ್ಕ ಮಾಡು, ಮಾಗಿದ್ದವೋ ಇಲ್ಲವೋ ಆಮೇಲೆ ಹೇಳುತ್ತೇನೆ ಎನ್ನುತ್ತಾರೆ. ಅರ್ಧ ಗಂಟೆಯ ಯಾತನೆಯ ನಂತರ ಸ್ವಾಮಿ ಆರಾಣೆ ಎಂದು ಹೇಳಿ ಗಳಗಳ ಅತ್ತುಬಿಡುತ್ತಾನೆ.

ಇಬ್ಬರನ್ನು ಮುಂದೆ ಕರೆದು ಆಡಿಸಿ. ಮೂರನೆಯವರು ಸ್ವಾಮಿಯ ಯೋಚನೆಯಾಗಿ ಅವನ ಬೆನ್ನ ಹಿಂದೆ ನಿಂತು ಗಟ್ಟಿಯಾಗಿ ಯೋಚಿಸಲಿ. ಅಪ್ಪನ ಪಾತ್ರದವನಿಗೆ ಗುಟ್ಟಾಗಿ ಒಂದೇ ಸೂಚನೆ ಕೊಡಿ: ನಗು ಬರಬೇಕು, ಆದರೆ ಸ್ವಾಮಿಗೆ ಕಾಣಬಾರದು. ಬಹುತೇಕ ಹುಡುಗರು ಅಪ್ಪನನ್ನು ಗರ್ಜಿಸುವ ಹುಲಿಯಾಗಿ ಆಡುತ್ತಾರೆ. ಆ ಅದುಮಿದ ನಗು ಒಂದನ್ನು ಸೇರಿಸಿದಾಗ ಬೇರೆಯೇ ಮನುಷ್ಯ ಹೊರಬರುತ್ತಾನೆ.

ಆಮೇಲಿನ ಪ್ರಶ್ನೆ: ಸ್ವಾಮಿ ದಡ್ಡನೇ? ತರಗತಿ ಎರಡಾಗಲಿ, ಎರಡೂ ಕಡೆಯವರು ಪುಟ ತೋರಿಸಿ ವಾದಿಸಲಿ. ವಾದ ಇಳಿಯುವ ಹೊತ್ತಿಗೆ ಒಂದು ಸಂಗತಿಯನ್ನು ಮೆಲ್ಲಗೆ ಮುಂದಿಡುತ್ತೇನೆ. ಲೆಕ್ಕದಲ್ಲಿ ರಾಮ ಎಂಬುದು ಬರಿಯ ಹೆಸರು. ಆ ಹೆಸರಿಗೆ ಪಟ್ಟು, ಕೃಷ್ಣನಿಗೆ ಬಡಪಾಯಿತನ, ಹಣ್ಣಿಗೆ ಮಾಗು ಕೊಟ್ಟವನು ಸ್ವಾಮಿ. ಅಂದರೆ ಲೆಕ್ಕ ಬಿಡಿಸಲು ಕೂತ ಹುಡುಗ ಪಾತ್ರಚಿತ್ರಣ ಮಾಡುತ್ತಿದ್ದಾನೆ! ಕಾದಂಬರಿಕಾರರು ತಮ್ಮ ಕಸುಬನ್ನು ಎಂಟು ಹತ್ತು ಸಾಲಿನಲ್ಲಿ ಆ ಹುಡುಗನ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತು ನೋಡುತ್ತಿದ್ದಾರೆ.

ನಾಲ್ಕನೆಯ ಹಂತ: ನೀನು, ನೀವು

ಈ ಅನುಕೂಲ ಕನ್ನಡ ಬಲ್ಲ ತರಗತಿಗೆ ಇದೆ, ಇಂಗ್ಲಿಷ್ ಒಂದನ್ನೇ ಬಲ್ಲ ತರಗತಿಗೆ ಇಲ್ಲ. ಇಂಗ್ಲಿಷಿನ ‘ಯೂ’ ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸುತ್ತದೆ. ಸ್ವಾಮಿ ಅಪ್ಪ, ಅಜ್ಜಿ, ಮಣಿ, ರಾಜಂ, ಹೆಡ್‌ಮಾಸ್ಟರ್ ಇವರೊಂದಿಗೆ ಆಡುವ ಒಂದೊಂದು ಮಾತನ್ನು ಆರಿಸಿ, ಕನ್ನಡಕ್ಕೆ ತಿರುಗಿಸಲು ಗುಂಪುಗಳಿಗೆ ಕೊಡಿ. ನಿಯಮ ಒಂದೇ: ನೀನು ಎಂದಿರಾ, ನೀವು ಎಂದಿರಾ, ಏಕೆ ಎಂಬುದಕ್ಕೆ ಕಾದಂಬರಿಯಿಂದ ಕಾರಣ ಕೊಡಬೇಕು.

ಅಜ್ಜಿಗೆ ನೀನು, ಇದರಲ್ಲಿ ತಕರಾರು ಕಡಿಮೆ. ಅಪ್ಪನ ವಿಷಯಕ್ಕೆ ಬಂದರೆ ತರಗತಿಯಲ್ಲಿ ಅರ್ಧ ಮನೆಗಳು ನೀವು, ಅರ್ಧ ಮನೆಗಳು ನೀನು. ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂಬುದು ಇಲ್ಲಿ ಕಾರಣವಾಗದು. ವಕೀಲರಾದ ಆ ಅಪ್ಪನ ಮುಂದೆ ಆ ಹುಡುಗ ಹೇಗೆ ನಿಲ್ಲುತ್ತಾನೆ ಎಂಬುದನ್ನು ನೋಡಬೇಕು. ಕಷ್ಟವಿರುವುದು ರಾಜಂ ವಿಷಯದಲ್ಲಿ. ಪೊಲೀಸ್ ಸೂಪರಿಂಟೆಂಡೆಂಟರ ಮಗ, ಕಾರಿನಲ್ಲಿ ಬರುತ್ತಾನೆ, ತರಗತಿಯಲ್ಲಿ ಕಾಲುಚೀಲ, ಬೂಟು, ಟೈ ಹಾಕುವವನು ಅವನೊಬ್ಬನೇ. ಓರಗೆಯವನಾದ್ದರಿಂದ ನೀವು ಎನ್ನುವಂತಿಲ್ಲ. ನೀನು ಎನ್ನಲು ಬಾಯಿ ಬರುವುದಿಲ್ಲ. ಒಬ್ಬ ಹುಡುಗ ಹೇಳಿದ್ದು: ‘ಸ್ವಾಮಿ ಎರಡನ್ನೂ ಅನ್ನುವುದಿಲ್ಲ ಸರ್, ಊಟ ಆಯಿತೇ, ಯಾವಾಗ ಬಂದದ್ದು ಎಂದು ತಪ್ಪಿಸಿಕೊಳ್ಳುತ್ತಾನೆ.’ ಹೊಸ ಅಳಿಯನೊಂದಿಗೆ ನಮ್ಮ ಹಿರಿಯರು ಮಾತಾಡುವ ಉಪಾಯ ಅದು! ರಾಜಂ ಮುಂದೆ ಸ್ವಾಮಿ ಎಷ್ಟು ಮುದುಡುತ್ತಾನೆ ಎಂಬುದನ್ನು ಆ ಹುಡುಗ ಇಂಗ್ಲಿಷಿನ ಯಾವ ವಿಶೇಷಣವೂ ಇಲ್ಲದೆ ಹಿಡಿದಿದ್ದ. ಸ್ನೇಹ ಬೆಳೆದಂತೆ ಯಾವ ಪುಟದಿಂದ ನೀನು ಎನ್ನಬಹುದು ಎಂದು ಕೇಳಿದರೆ ಪಾತ್ರ ಬದಲಾಗುವ ಜಾಗವನ್ನೂ ಅವರೇ ಗುರುತಿಸುತ್ತಾರೆ.

ಇದೇ ಹಂತದಲ್ಲಿ, ಹೊಂದದ ಕೆಲಸಗಳನ್ನು ಹುಡುಕಿಸಿ. ಅಪ್ಪನ ಮುಂದೆ ನಡುಗುವ ಹುಡುಗನೇ ಎಬೆನೇಜರ್ ಮೇಷ್ಟ್ರ ತರಗತಿಯಲ್ಲಿ ಎದ್ದು ನಿಂತು ಎದುರುಪ್ರಶ್ನೆ ಹಾಕುತ್ತಾನೆ. ಮುಂದೆ ಬೋರ್ಡ್ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರರ ಬೆತ್ತ ಕಿತ್ತು ಎಸೆದು ಓಡುತ್ತಾನೆ. ಹಾಗಾದರೆ ಅವನು ಅಂಜುಬುರುಕನೇ, ಧೈರ್ಯವಂತನೇ? ಎಬೆನೇಜರ್ ಪ್ರಸಂಗದಲ್ಲಿ ಒಂದು ಎಚ್ಚರ: ಅಲ್ಲಿರುವುದು ಧರ್ಮದ ಜಗಳ. ನಾನು ಅದನ್ನು ಆಡಿಸುವುದಿಲ್ಲ, ಗುಂಪು ಚರ್ಚೆಗೂ ಬಿಡುವುದಿಲ್ಲ. ನಾನೇ ಓದಿ, ಹುಡುಗ ಎದ್ದು ನಿಂತ ಕ್ಷಣದ ಮೇಲಷ್ಟೇ ಗಮನ ಇಡುತ್ತೇನೆ. ನಿಮ್ಮ ತರಗತಿ ನಿಮಗೆ ಗೊತ್ತು.

ಒಂದೇ ಗುಣದ ಸುತ್ತ ನಿಂತ ಚಪ್ಪಟೆ ಪಾತ್ರ, ನಮ್ಮನ್ನು ಅಚ್ಚರಿಗೊಳಿಸಬಲ್ಲ ದುಂಡು ಪಾತ್ರ ಎಂಬ ವಿಂಗಡಣೆಯನ್ನು ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಮಾಡಿದರು. ಅದನ್ನು ಇಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಚಪ್ಪಟೆ ಎಂದರೆ ಕಳಪೆ ಎಂದು ಮಕ್ಕಳು ತಿಳಿಯದಂತೆ ನೋಡಿಕೊಂಡರೆ ಸಾಕು. ವೇದನಾಯಗಂ ಮೇಷ್ಟ್ರು ದುಂಡಾಗಿಬಿಟ್ಟರೆ ಸ್ವಾಮಿಗೆ ಹೆದರಲು ಯಾರು ಉಳಿಯುತ್ತಾರೆ?

ಧಾರಾವಾಹಿ ತೋರಿಸುವುದಾದರೆ

1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯ ಕಥೆಯೂ ಇದೆ. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ ಕಾರ್ನಾಡರು ಅಪ್ಪ. ಓದಿದ ಮೇಲೆ ತೋರಿಸಿ, ಖಂಡಿತ ಮೊದಲಲ್ಲ. ಮೊದಲು ನೋಡಿದವರಿಗೆ ಸ್ವಾಮಿಯ ಮುಖ ನಿಶ್ಚಯವಾಗಿಬಿಡುತ್ತದೆ. ಒಂದೇ ಪ್ರಶ್ನೆಯೊಂದಿಗೆ ನೋಡಲಿ: ಪುಸ್ತಕದಲ್ಲಿ ಯೋಚನೆಯಾಗಿ ಇದ್ದದ್ದು ಪರದೆಯ ಮೇಲೆ ಏನಾಯಿತು? ಮಾತಾಯಿತೇ, ಮುಖಭಾವವಾಯಿತೇ, ಬಿಟ್ಟೇಹೋಯಿತೇ?

ಕೊನೆಯ ಹಂತ: ರೈಲು ಹೊರಡುತ್ತದೆ

ಕೊನೆಯ ಅಧ್ಯಾಯವನ್ನು ನಾನೇ ಓದುತ್ತೇನೆ, ನಿಧಾನವಾಗಿ. ಕ್ರಿಕೆಟ್ ಪಂದ್ಯ ತಪ್ಪಿಸಿದ ಸ್ವಾಮಿಯೊಂದಿಗೆ ರಾಜಂ ಮಾತು ಬಿಟ್ಟಿದ್ದಾನೆ. ಈಗ ಅಪ್ಪನ ವರ್ಗಾವಣೆಯಿಂದ ಊರು ಬಿಡುತ್ತಿದ್ದಾನೆ. ಸ್ವಾಮಿ ಆ್ಯಂಡರ್ಸನ್ನನ ಕಥೆಗಳ ಪುಸ್ತಕವೊಂದನ್ನು ಕಾಣಿಕೆಯಾಗಿ ತಂದಿದ್ದಾನೆ. ರೈಲು ಹೋದ ಮೇಲೆ ರಾಜಂ ಕಾಗದ ಬರೆಯುತ್ತಾನೆಯೇ ಎಂದು ಮಣಿಯನ್ನು ಕೇಳುತ್ತಾನೆ. ಬರೆಯುತ್ತಾನೆ ಎಂದು ಮಣಿ ಹೇಳುತ್ತಾನೆ. ನಿಜವೋ ತಮಾಷೆಯೋ ಎಂದು ಸ್ವಾಮಿ ಅವನ ಮುಖ ನೋಡುತ್ತಾನೆ. ಆದರೆ ಈ ಒಂದು ಸಲ ಮಣಿಯ ಮುಖ ಏನನ್ನೂ ಬಿಟ್ಟುಕೊಡುವುದಿಲ್ಲ.

ರಾಜಂ ಕ್ಷಮಿಸಿದನೇ ಎಂದು ಮಕ್ಕಳು ನಿಮ್ಮನ್ನು ಕೇಳುತ್ತಾರೆ. ಹೇಳಬೇಡಿ. ಮಣಿಯ ಕಡೆಗೆ ತಿರುಗಿಸಿ. ಮೊದಲ ಅಧ್ಯಾಯದಲ್ಲಿ ಆರು ಸಾಲಿನಲ್ಲಿ ಪೂರ್ತಿ ಅರ್ಥವಾಗಿಬಿಟ್ಟಿದ್ದ ಹುಡುಗ ಕೊನೆಯ ಸಾಲಿನಲ್ಲಿ ಓದಲಾಗದವನಾಗಿದ್ದಾನೆ. ಅವನಿಗೆ ಸತ್ಯ ಗೊತ್ತಿದ್ದು ಮುಚ್ಚಿಡುತ್ತಿದ್ದರೆ ಏಕೆ?

ಈಗ ವಿಶೇಷಣಕ್ಕೆ ಬಾಗಿಲು ತೆಗೆಯಿರಿ. ಪ್ರತಿಯೊಬ್ಬರೂ ಒಂದು ಪಾತ್ರದ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯಬೇಕು. ಐದು ಅಂಕವನ್ನು ನಾನು ಹಂಚುವುದು ಹೀಗೆ: ಕಾದಂಬರಿಯ ಎರಡು ನಿರ್ದಿಷ್ಟ ಪ್ರಸಂಗಗಳಿಗೆ ಎರಡು, ಅದನ್ನು ನಮಗೆ ತಿಳಿಸಿದ್ದು ಯಾರು ಎಂಬುದಕ್ಕೆ ಒಂದು, ‘ಆದರೆ’ ಎಂದು ಶುರುವಾಗುವ ಒಂದು ವಾಕ್ಯಕ್ಕೆ ಒಂದು, ವಿಶೇಷಣಕ್ಕೆ ಒಂದು. ಆ ‘ಆದರೆ’ ಕಡ್ಡಾಯ. ಅದಿಲ್ಲದೆ ಬರೆದದ್ದು ಪಾತ್ರ ಪರಿಚಯವಲ್ಲ, ನಡತೆ ಪ್ರಮಾಣಪತ್ರ. ಹಿಂದಿನ ಸಾಲಿನ ಒಬ್ಬಳು ಬರೆದದ್ದರ ಕನ್ನಡ ರೂಪ: ‘ಸ್ವಾಮಿಗೆ ಲೆಕ್ಕ ಬಾರದು ಎನ್ನುವಂತಿಲ್ಲ. ಆರಾಣೆ ಎಂಬ ಅವನ ಉತ್ತರ ಸರಿ. ಆದರೆ ಸರಿಯುತ್ತರ ಹೇಳಿ ಅಳುವ ಹುಡುಗನನ್ನು ನಾನು ನೋಡಿಲ್ಲ. ಅವನಿಗೆ ಅಂಕಿಗಿಂತ ಮೊದಲು ಮನುಷ್ಯರು ಕಾಣುತ್ತಾರೆ.’ ವಿಶೇಷಣವೇ ಇರಲಿಲ್ಲ. ಐದಕ್ಕೆ ಐದು ಕೊಟ್ಟೆ, ನನ್ನ ನಿಯಮ ನಾನೇ ಮುರಿದು.

ಸಮಯ ಉಳಿದರೆ ಇನ್ನೊಂದು ಕೆಲಸ ಕೊಡಬಹುದು. ಗಣಿತ ಪುಸ್ತಕದ ಯಾವುದಾದರೊಂದು ಲೆಕ್ಕ ತೆಗೆದುಕೊಂಡು, ಅದರೊಳಗಿನ ಜನಕ್ಕೆ ಸ್ವಾಮಿ ಮಾಡಿದಂತೆ ಜೀವ ಕೊಟ್ಟು ಅರ್ಧ ಪುಟ ಬರೆಯುವುದು. ಗುಣ ಹೇಳುವ ಪದ ಒಂದೂ ಇರಬಾರದು. ಹತ್ತು ಕೆಲಸಗಾರರು ಒಂದು ಗೋಡೆಯನ್ನು ಎಂಟು ದಿನದಲ್ಲಿ ಕಟ್ಟುವ ಲೆಕ್ಕವನ್ನು ಒಬ್ಬ ಹುಡುಗ ಆರಿಸಿಕೊಂಡ. ಅವನ ಕಥೆಯಲ್ಲಿ ಐದನೆಯ ದಿನ ಒಬ್ಬ ಬರಲಿಲ್ಲ. ಉಳಿದವರು ಅವನ ಲೋಟಕ್ಕೂ ಚಹಾ ಹಾಕಿಸಿ, ಅದು ತಣ್ಣಗಾದ ಮೇಲೆ ಚೆಲ್ಲಿ, ಕೆಲಸಕ್ಕೆ ಹೋದರು. ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಗಣಿತದ ಮೇಡಂ ಕೇಳಿಸಿಕೊಂಡು, ಹಾಗಾದರೆ ಎಂಟು ದಿನ ಸಾಲುವುದಿಲ್ಲ ಎಂದರು.